ಎಂಟನೆಯ ಟಗರು

ನಮ್ಮ ಮನೆಯಲ್ಲಿ ಏಳು ಟಗರುಗಳಿದ್ದವು. ತಿನ್ನುವವರು ಮಾತ್ರ ಒಬ್ಬರೂ ಇರಲಿಲ್ಲ. ಲಿಂಗ ಕಟ್ಟಿದ ಮನೆ ನಮ್ಮದು, ಮೊಟ್ಟೆ ಕೂಡ ಹೊಸಿಲು ದಾಟಿದ್ದಿಲ್ಲ. ಅಂಥ ಮನೆಯ ಹಿತ್ತಲಲ್ಲಿ ಏಳು ಟಗರು ಯಾಕಪ್ಪಾ ಅಂದರೆ, ಅದನ್ನು ನಮ್ಮ ಯಜಮಾನರನ್ನೇ ಕೇಳಬೇಕು.

ಪ್ರತಿ ಸಂಕ್ರಾಂತಿಯ ಮಾರನೆಯ ದಿನ ಚಂದಕವಾಡಿಯ ಬಯಲಿನಲ್ಲಿ ಹಗ್ಗಜಗ್ಗಾಟ ನಡೆಯುತ್ತದೆ. ಗೆದ್ದ ತಂಡಕ್ಕೆ ಒಂದು ಟಗರು ಬಹುಮಾನ. ಏಳು ವರ್ಷದಿಂದ ಬಿಡದೆ ಗೆದ್ದವರು ಬೇಗೂರಿನವರು, ಅಂದರೆ ನನ್ನ ಗಂಡನ ಊರಿನವರು. ತಂಡದ ಎಂಟು ಜನರಲ್ಲಿ ಇವರೊಬ್ಬರು, ಉಳಿದವರೆಲ್ಲ ನಮ್ಮ ನೆಂಟರೇ, ಅವರಿಗೆಲ್ಲ ನಮ್ಮವರೇ ಮುಂದಾಳು. ಹಾಗಾಗಿ ಟಗರು ನಮ್ಮ ಮನೆಗೇ ಬರುತ್ತಿತ್ತು. ಮಾರಿದರೆ ಕಡಿಯುವವನ ಕೈಗೇ ಹೋಗುತ್ತೆ, ಆ ಪಾಪ ನಮಗೆ ಬೇಡ ಅಂದರು ಅತ್ತೆ. ಬೇರೆ ಬಹುಮಾನ ಇಡೋಕೆ ಹೇಳಿ ಅಂದರೆ, ಗೆದ್ದವರಿಗೆ ಸೊಕ್ಕು ಬಂತು ಅಂತಾರೆ ಅಂದರು ಇವರು. ಟಗರುಗಳು ನನ್ನ ಚೆಂಡುಹೂವಿನ ಗಿಡಗಳನ್ನೆಲ್ಲ ಮುಗಿಸಿ ಅತ್ತೆಯ ಸೀರೆಗೆ ಬಾಯಿ ಹಾಕಿದ್ದವು.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಸುಮ್ಮನೆ ತಿಂದುಕೊಂಡಿರೋ ಬದಲು ಕೆಲಸಕ್ಕೆ ಬರಲಿ ಅಂತ ಇವರು ದಿನಾ ಬೆಳಿಗ್ಗೆ ಹಗ್ಗದ ಒಂದು ತುದಿಗೆ ಟಗರುಗಳನ್ನು ಕಟ್ಟಿ, ಇನ್ನೊಂದು ತುದಿಯನ್ನು ತಂಡದವರ ಜೊತೆ ತಾವೂ ಹಿಡಿದು ಎಳೆಯತೊಡಗಿದರು. ಗೆದ್ದಷ್ಟೂ ಟಗರು ಹೆಚ್ಚಿದವು, ಟಗರು ಹೆಚ್ಚಿದಷ್ಟೂ ಇವರ ತೋಳು ಬಲಿತವು, ತೋಳು ಬಲಿತಷ್ಟೂ ಗೆದ್ದರು. ಇದಕ್ಕೆ ಕೊನೆ ಎಲ್ಲಿ ಅಂತ ನನಗಂತೂ ಕಾಣಲಿಲ್ಲ.

ನಾನು ಬೂಸಾ ತುಂಬಿದ ತಗಡಿನ ಬಕೇಟನ್ನು ಸೌಟಿನಿಂದ ಬಡಿದರೆ ಅಭ್ಯಾಸ ಮುಗಿದಂತೆ. ಸದ್ದು ಕೇಳಿದ್ದೇ ಏಳೂ ಟಗರು ನನ್ನ ಕಡೆ ನುಗ್ಗುತ್ತಿದ್ದವು. ಆಗಲೂ ಹಗ್ಗ ಹಿಡಿದುಕೊಂಡಿದ್ದವನ ಹಲ್ಲು ಉಳಿಯುತ್ತಿರಲಿಲ್ಲ. ಹಾಗಾಗಿ ಬಕೇಟು ಬಡಿದ ತಕ್ಷಣ ಹಗ್ಗ ಬಿಡುವುದನ್ನು ಎಂಟೂ ಜನ ಕಲಿತುಬಿಟ್ಟಿದ್ದರು.

ನನ್ನ ತವರು ಉಮ್ಮತ್ತೂರು. ಅಲ್ಲಿಯ ತಂಡದಲ್ಲಿ ಹಗ್ಗದ ಕೊನೆ ಹಿಡಿಯುವವನು ನನ್ನಣ್ಣ. ಕಡ್ಡಿಯಂಥ ಆಳು. ಏಳು ವರ್ಷವೂ ಫೈನಲ್ಲಿಗೆ ಬಂದು, ನಮ್ಮವರ ಎದುರು ಮಕಾಡೆ ಬಿದ್ದು, ತರಚಿದ ಮಂಡಿಯಲ್ಲೇ ಬಂದು ನನ್ನ ಕೈಯಿಂದ ಮಜ್ಜಿಗೆ ಕುಡಿದು, ಮುಂದಿನ ವರ್ಷ ನೋಡ್ಕೊತೀನಿ ಅಂತ ನಗುತ್ತಾ ಹೋಗುತ್ತಿದ್ದ. ಅಣ್ಣ ಒಂದೇ ಒಂದು ಸಲ ಗೆಲ್ಲಲಿ, ಎಂಟನೆಯ ಟಗರು ನಮ್ಮ ಮನೆಗೆ ಬಾರದಿರಲಿ ಅಂತ ಎಂಟನೆಯ ವರ್ಷ ದೇವರಿಗೆ ಎರಡೂ ಹರಕೆ ಹೊತ್ತೆ.

ಪ್ರತಿ ವರ್ಷ ಮಜ್ಜಿಗೆ ಒಯ್ಯುತ್ತಿದ್ದ ಮಡಕೆಯನ್ನು ಮೂರನೆಯ ಟಗರು ಗುಮ್ಮಿ ಒಡೆದುಹಾಕಿತ್ತು. ಬೇರೆ ದಾರಿಯಿಲ್ಲದೆ ಬೂಸಾದ ಬಕೇಟನ್ನೇ ಹುಣಸೆಹಣ್ಣು ಹಾಕಿ ತಿಕ್ಕಿ, ಮಜ್ಜಿಗೆ ತುಂಬಿ, ಬಡಿಸಲು ಸೌಟನ್ನೂ ಹಾಕಿಕೊಂಡು ಒಯ್ದೆ.

ಫೈನಲ್ ಒಂದೇ ಎಳೆತ. ಶಿಳ್ಳೆ ಊದಿದರು. ಉಮ್ಮತ್ತೂರಿನವರು ಈಗ ಬೀಳುತ್ತಾರೆ, ಆಗ ಬೀಳುತ್ತಾರೆ ಅಂತ ಕಾದೆವು. ಬೀಳಲೇ ಇಲ್ಲ. ಅಣ್ಣನ ಕತ್ತಿನ ನರ ಉಬ್ಬಿತ್ತು, ಹಿಮ್ಮಡಿ ಮಣ್ಣಿನೊಳಗೆ ಹೂತಿತ್ತು, ಹಗ್ಗ ಒಂದಿಂಚೂ ಜರುಗಲಿಲ್ಲ. ನನಗೆ ಮೈಮೇಲಿನ ಪರಿವೆ ಉಳಿಯಲಿಲ್ಲ. ಗಂಡ ಯಾರು, ಊರು ಯಾವುದು ಎಲ್ಲ ಮರೆತು, ಎಳಿ ಅಣ್ಣ ಅಂತ ಕೂಗುತ್ತಾ ಸೌಟಿನಿಂದ ಬಕೇಟನ್ನು ಬಡಿದೆ.

ಬೇಗೂರಿನ ಎಂಟೂ ಜನ ಹಗ್ಗ ಬಿಟ್ಟರು.

ಉಮ್ಮತ್ತೂರಿನವರು ಹಗ್ಗದ ಸಮೇತ ಒಬ್ಬರ ಮೇಲೊಬ್ಬರು ಅಂಗಾತ ಬಿದ್ದರು. ಗೆದ್ದದ್ದು ಅವರಿಗೇ ಎಷ್ಟೋ ಹೊತ್ತು ತಿಳಿಯಲಿಲ್ಲ. ಆಮೇಲೆ ಎದ್ದ ಗದ್ದಲದಲ್ಲಿ, ಸೋತ ಎಂಟು ಜನ ತಮ್ಮ ಅಂಗೈಗಳನ್ನೇ ನೋಡುತ್ತಾ ನಿಂತದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಸೌಟನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡೆ.

ಅಣ್ಣ ನೇರ ನನ್ನ ಹತ್ತಿರ ಬಂದ. ಕೈಯಲ್ಲಿ ಟಗರಿನ ಹಗ್ಗ. ಅವರದೂ ಲಿಂಗ ಕಟ್ಟಿದ ಮನೆ, ತಿನ್ನುವವರು ಅಲ್ಲೂ ಇಲ್ಲ. ಗೆದ್ದದ್ದನ್ನು ಮನೆಯ ಹೆಣ್ಣುಮಗಳಿಗೆ ಕೊಡೋಣ ಅಂತ ತಂಡದವರೆಲ್ಲ ಒಪ್ಪಿದ್ದರಂತೆ.

"ತಕಳಮ್ಮಿ, ತವರಿಂದ," ಅಂದ. "ನಿನ್ ಬಕೇಟ್ ಸದ್ದು ಕೇಳುದ್ ಮ್ಯಾಲೇ ಕಣಮ್ಮಿ ನಂಗೆ ಬಲ ಬಂದುದ್ದು."

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವನ ಅಂಗೈಯ ಚರ್ಮ ಸುಲಿದುಹೋಗಿತ್ತು. ತವರಿನ ಉಡುಗೊರೆಯನ್ನು ಬೇಡ ಅನ್ನುವ ಹಾಗೂ ಇಲ್ಲ. ಹಗ್ಗ ತೆಗೆದುಕೊಂಡು, ಅಷ್ಟು ಜನರ ನಡುವೆ ಗೊಳೋ ಅಂತ ಅತ್ತುಬಿಟ್ಟೆ.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬಕೇಟು ಬಡಿದೆ. ಏಳು ಟಗರು ಓಡಿಬಂದವು, ಹೊಸದು ನಿಂತಲ್ಲೇ ನಿಂತು ನೋಡಿತು. ಜಗಲಿಯಲ್ಲಿ ಕೂತು ಟೀ ಕುಡಿಯುತ್ತಿದ್ದ ನಮ್ಮವರ ಕೈಯಿಂದ ಲೋಟ ಠಣ್ಣನೆ ಕೆಳಗೆ ಬಿತ್ತು. ಅವರು ಲೋಟ ನೋಡಿದರು, ಬಕೇಟು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇವತ್ತು ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಲೋಟವನ್ನು ಎತ್ತಿಕೊಂಡು ಪಂಚೆಗೆ ಒರೆಸಿದರು.

"ನಿಮ್ಮಣ್ಣಂಗೆ ಈ ಇಸ್ಯ ಏಳ್ಬ್ಯಾಡ ಕಣಮ್ಮಿ," ಅಂದರು.