ಬೂಟು ಪಳಗಿಸುವ ಹ್ಯಾಸ್ಕೆಟ್

ವಯೋಮಿಂಗ್ ಹಿಮದಲ್ಲಿ ಹೂತಿರುವ ಜನವರಿಯಲ್ಲಿ, ಬೇಸಿಗೆಯ ಕುದುರೆ ಸವಾರಿಗೆ ಅತಿಥಿಗಳು ಬಂದು ತಂಗುವ ಆ ರ‍್ಯಾಂಚಿನ ಕಚೇರಿಗೆ ಬುಕಿಂಗಿನ ಮೊದಲ ಫೋನು ನೆಬ್ರಾಸ್ಕಾದ ಮುದುಕ ಹ್ಯಾಸ್ಕೆಟ್ ಅವರದೇ ಎಂದು ಅಲ್ಲಿ ಬುಕಿಂಗ್ ಬರೆದುಕೊಳ್ಳುವ ವರ್ನಾ ಕಣ್ಣು ಮುಚ್ಚಿ ಹೇಳಬಲ್ಲಳು. ನಾಲ್ಕು ವರ್ಷದಿಂದ ತಯಾರಿ ನಡೆಸುತ್ತ, ಒಮ್ಮೆಯೂ ಬಂದಿರದ ಅತಿಥಿ ಅವರು. ಸವಾರಿಯ ಬೂಟು ಕೊಂಡಾಗಿದೆ; ಅದು ಕಾಲಿಗೆ ಪಳಗಲಿ ಎಂದು ಮನೆಯೊಳಗೇ ಹಾಕಿಕೊಂಡು ಓಡಾಡುತ್ತಾರೆ, ಫೋನಿನಲ್ಲೂ ಆ ಟಕಟಕ ಕೇಳುತ್ತದೆ. "ಏನಮ್ಮಾ ವರ್ನಾ, ನಿಮ್ಮ ಕುದುರೆಗಳು ಕಚ್ತಾವಾ?" "ನೀವು ಹೀಗೇ ಕೇಳ್ತಿದ್ರೆ ನಾನೇ ಕಚ್ತೀನಿ." ಜೂನ್ ಬಂತೆಂದರೆ ಮತ್ತೆ ಫೋನು: "ನಮ್ಮನೆಯವಳಿಗೆ ಸ್ವಲ್ಪ ಸುಸ್ತು, ಮುಂದಿನ ವರ್ಷ ನೋಡೋಣ." ಆಳಿಗೆ ತಕ್ಕ ಕುದುರೆ ಆರಿಸಲು ಪ್ರತಿ ಅತಿಥಿಯ ತೂಕ ಬರೆದುಕೊಳ್ಳುವುದು ರ‍್ಯಾಂಚಿನ ಪದ್ಧತಿ. ತಮ್ಮ ತೂಕ ಹೇಳುವಾಗ ಹ್ಯಾಸ್ಕೆಟ್ ಹತ್ತು ಪೌಂಡು ನುಂಗುತ್ತಾರೆ, ವರ್ನಾ ಹತ್ತು ಸೇರಿಸಿಯೇ ಬರೆಯುತ್ತಾಳೆ. ಹೆಂಡತಿ ಓಪಲ್‌ಳ ತೂಕವನ್ನು ಮಾತ್ರ ಸರಿಯಾಗಿ ಹೇಳುತ್ತಾರೆ: ಮೊದಲ ವರ್ಷ ನೂರೈವತ್ತು, ಅದಕ್ಕೆ ಅಗಲ ಬೆನ್ನಿನ ಜೂನಿಪರ್ ಎಂಬ ಕುದುರೆ, ಆಮೇಲೆ ನೂರಮೂವತ್ತು, ನೂರಹತ್ತು, ಹೋದ ವರ್ಷ ತೊಂಬತ್ತೆರಡು. ವರ್ನಾ ಏನೂ ಕೇಳದೆ, ಪ್ರತಿ ವರ್ಷ ಇನ್ನಷ್ಟು ಚಿಕ್ಕ, ಇನ್ನಷ್ಟು ಸಾಧು ಕುದುರೆಯ ಹೆಸರು ಬರೆಯುತ್ತ ಬಂದಳು. ಈ ಜನವರಿಯಲ್ಲಿ "ಓಪಲ್ ಅವರ ತೂಕ?" ಎಂದಾಗ ಆ ಕಡೆ ಟಕಟಕ ನಿಂತಿತು. "ಅವಳು ಕ್ರಿಸ್‌ಮಸ್‌ಗೆ ಮುಂಚೆ ಹೋಗ್ಬಿಟ್ಲು ಕಣಮ್ಮಾ. ಆದ್ರೂ ಬರ್ಕೋ. ಮೊದಲ್ನೇ ವರ್ಷದ್ದೇ ಬರ್ಕೋ." ವರ್ನಾ ನೂರೈವತ್ತು ಎಂದು ಬರೆದು, ಅದರ ಮುಂದೆ ಜೂನಿಪರ್ ಹೆಸರು ಹಾಕಿದಳು.