ಕರ್ಪೂರ ಹಿಡಿಯದ ಮೂಗು

ಎಣ್ಣೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗಕ್ಕ ಎಂದೇ ಕರೆಯುತ್ತಿದ್ದರು. ಎಲೆ, ಹುಲ್ಲು, ಹೂವನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸುವ ಹಂಡೆಗಳ ನಡುವೆ ಹದಿನೆಂಟು ವರ್ಷ ಸವೆಸಿದವಳು. ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಮೂಸಿ, ಸರಿಯಿದೆ ಎಂದಳೆಂದರೆ ಮುಗಿಯಿತು. ಆಮೇಲೆ ಯಂತ್ರವೂ ಬೇಡ, ಮಂತ್ರವೂ ಬೇಡ. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಸಾಕಿದ್ದು ಆ ಮೂಗಿನಿಂದಲೇ. ಹಾಗಾಗಿ ಅದರ ಬಗ್ಗೆ ಅವಳಿಗೆ ಒಂದಿಷ್ಟು ಜಂಬವಿತ್ತು, ಅದರ ತುದಿಯಲ್ಲೇ ಕೋಪವೂ ಇತ್ತು.

ಮಗಳಿಗೆ ಚಿಕ್ಕಂದಿನಿಂದ ಮೂರ್ಛೆರೋಗ. ದಿನಕ್ಕೆರಡು ಮಾತ್ರೆ ನುಂಗುತ್ತ, ಮೂರು ವರ್ಷ ಒಂದು ಸಲವೂ ಬೀಳದೆ, ಹೊಲಿಗೆ ಅಂಗಡಿಯೊಂದರಲ್ಲಿ ಬಟ್ಟೆ ಕತ್ತರಿಸುವ ಕೆಲಸ ಹಿಡಿದಿದ್ದಳು. ಮಾತ್ರೆಯಿಂದ ಮಂಪರು, ಕೂದಲೂ ಉದುರುತ್ತದೆ ಎಂಬ ಗೊಣಗಾಟ ಮಾತ್ರ ನಿಂತಿರಲಿಲ್ಲ.

ಅಷ್ಟರಲ್ಲಿ ಮಾಲೀಕ ಎಲ್ಲೋ ಒಂದು ಲೇಖನ ಓದಿದ. ನಿಂಬೆಹುಲ್ಲಿನ ಎಣ್ಣೆ ಕೊಟ್ಟ ಇಲಿಗಳಿಗೆ ಫಿಟ್ಸ್ ತಡವಾಗಿ ಬಂತಂತೆ. 'ಇಲಿ' ಎಂಬುದೊಂದನ್ನು ನುಂಗಿ ನೀರು ಕುಡಿದ ಆ ಮಹಾನುಭಾವ, 'ಮೂರ್ಛೆಗೆ ರಾಮಬಾಣ' ಎಂದು ಚೀಟಿ ಅಚ್ಚು ಹಾಕಿಸಿ, ವಾರದೊಳಗೆ ಮುನ್ನೂರು ಬಾಟಲಿ ಕೊಡುತ್ತೇನೆಂದು ವ್ಯಾಪಾರಿಯೊಬ್ಬನಿಗೆ ಒಪ್ಪಿಕೊಂಡು ಬಂದ.

ಹಂಡೆಯಲ್ಲಿ ಅದಕ್ಕೂ ಮುಂಚೆ ಒಂದು ತಿಂಗಳು ಕರ್ಪೂರದ ಮರದ ಎಲೆ ಬೆಂದಿತ್ತು. ಎಲೆ ಬದಲಿಸುವಾಗ ಇಡೀ ದಿನ ಬರಿ ಹಬೆ ಹಾಯಿಸಿ ಹಂಡೆ, ಕೊಳವೆ ತೊಳೆಯಬೇಕು. ಮಾಲೀಕ ಅದನ್ನು ಎರಡೇ ಗಂಟೆಯಲ್ಲಿ ಮುಗಿಸಿ, ಮೂಗಕ್ಕ ಇರುವಾಗ ಚಿಂತೆ ಯಾಕೆ ಎಂದು ನಕ್ಕ. ಹೊಗಳಿಕೆಗೆ ಅವಳೂ ಉಬ್ಬಿದಳು. ಪಟ್ಟಿ ಮೂಸಿದಳು; ನಿಂಬೆಹುಲ್ಲು ಬಿಟ್ಟರೆ ಬೇರೇನೂ ಸಿಗಲಿಲ್ಲ. ಸರಿಯಿದೆ ಎಂದು ಸಹಿ ಹಾಕಿದಳು.

ಕೆಲಸದವರಿಗೆ ಹಂಚಿದ ಬಾಟಲಿಯೊಂದು ಮನೆಗೂ ಬಂತು. ಚೀಟಿ ಓದಿ ಅವಳು ನಕ್ಕಳು, ಅಷ್ಟೇ. ಮಗಳು ನಗಲಿಲ್ಲ. ಹೇಳದೆ ಕೇಳದೆ ಮಾತ್ರೆ ಬಿಟ್ಟು, ಬಿಸಿನೀರಿಗೆ ಎಣ್ಣೆ ಹನಿಸಿ ಕುಡಿಯತೊಡಗಿದಳು. ಐದನೆಯ ದಿನ ಅಂಗಡಿಯಲ್ಲಿ, ಕತ್ತರಿ ಕೈಯಲ್ಲಿರುವಾಗಲೇ ಬಿದ್ದಳು. ಹುಬ್ಬಿನ ಮೇಲೆ ಏಳು ಹೊಲಿಗೆ.

ಆಸ್ಪತ್ರೆಯಲ್ಲಿ ವೈದ್ಯೆ ಮಗಳ ಚೀಲದಲ್ಲಿದ್ದ ಬಾಟಲಿ ಮೂಸಿ, ಕರ್ಪೂರ ಘಮ್ಮೆನ್ನುತ್ತಿದೆಯಲ್ಲ ಎಂದರು. ಮಾತ್ರೆ ಬಿಟ್ಟದ್ದೇ ದೊಡ್ಡ ತಪ್ಪು, ಅದರ ಮೇಲೆ ಕರ್ಪೂರವೂ ಹೊಟ್ಟೆ ಸೇರಿದರೆ ಇಲ್ಲದ ಮೂರ್ಛೆಯೂ ಎದ್ದು ಬರುತ್ತದೆ ಎಂದು ಬಿಡಿಸಿ ಹೇಳಿದರು. ಮೂಗಕ್ಕ ಬಾಟಲಿ ಕಸಿದುಕೊಂಡು ಮೂಸಿದಳು. ಮತ್ತೆ ಮೂಸಿದಳು. ಅವಳಿಗೆ ಕರ್ಪೂರ ಸಿಗಲೇ ಇಲ್ಲ. ತಿಂಗಳಿಡೀ ಅದರ ಹಬೆಯಲ್ಲೇ ನಿಂತ ಮೂಗು ಅದೊಂದನ್ನೇ ಮರೆತುಬಿಟ್ಟಿತ್ತು.

"ನೀನು ಇಳಿಸಿದ ಎಣ್ಣೆ ಅಂತಾನೇ ಕುಡಿದೆ ಅಮ್ಮಾ," ಎಂದಳು ಮಗಳು.

ಮೂಗಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮಾಲೀಕನ ಮೇಲೆ, ಅವನ ಇಲಿಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ.

ಅವಳು ಕಾರ್ಖಾನೆ ಮುಟ್ಟುವಾಗ ಔಷಧಿ ಅಂಗಡಿಗಳಿಗೆ ಸರಕು ಹಂಚುವ ವ್ಯಾಪಾರಿ ಮುನ್ನೂರು ಬಾಟಲಿಗಳನ್ನೂ ವ್ಯಾನಿಗೆ ತುಂಬಿಸುತ್ತಿದ್ದ. ಮಾಲೀಕ ಅವಳನ್ನು ಬದಿಗೆ ಕರೆದು, ವಿಷಯ ಕೇಳಿಕೊಂಡು, ಸಹಿ ಯಾರದು ನೋಡಿಕೋ, ಸುಮ್ಮನಿದ್ದರೆ ಇಬ್ಬರಿಗೂ ಒಳ್ಳೆಯದು ಎಂದ. ಹೌದು, ಸಹಿ ಅವಳದೇ. ಆ ವ್ಯಾನು ನಿಲ್ಲಬೇಕಾದರೆ ಅವನನ್ನು ಬೈದರೆ ಸಾಲದು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂಬ ಗಾದೆಯಿದೆ. ಅವಳು ಕೊಯ್ದುಕೊಂಡಳು.

"ಅಣ್ಣಾ, ಇದನ್ನ ಪಾಸು ಮಾಡಿದ್ದು ನಾನೇ," ಎಂದಳು ವ್ಯಾಪಾರಿಗೆ. "ನನ್ನ ಮೂಗು ಸತ್ತಿದೆ. ಇದರಲ್ಲಿ ಕರ್ಪೂರ ಸೇರಿದೆ, ನನಗೆ ಗೊತ್ತಾಗಲಿಲ್ಲ. ಕುಡಿದು ನನ್ನ ಮಗಳೇ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನೀವೇ ಮೂಸಿ ನೋಡಿ."

ಇವಳಿಗೆ ತಲೆ ಕೆಟ್ಟಿದೆ, ಇಲಿಗಳ ಮೇಲೆ ಪರೀಕ್ಷೆಯೇ ಆಗಿದೆ ಎಂದು ಮಾಲೀಕ ಅಡ್ಡ ಬಂದ.

"ಹಾಗಾದ್ರೆ ಇಲಿಗಳಿಗೇ ಮಾರಿ," ಎಂದಳು.

ವ್ಯಾಪಾರಿ ಒಂದು ಮುಚ್ಚಳ ತೆಗೆದು ಮೂಸಿದ. ಮುಖ ಸಿಂಡರಿಸಿ, ತುಂಬಿದ್ದನ್ನೆಲ್ಲ ಕೆಳಗಿಳಿಸಿ ಎಂದ. ಮಾಲೀಕ ಅವಳಿಗೆ ಗೇಟು ತೋರಿಸಿದ.

ಆಸ್ಪತ್ರೆಗೆ ಹಿಂತಿರುಗಿದಾಗ ಮಗಳು ಅವಳ ಮುಖ ನೋಡಿಯೇ ಕೆಲಸ ಹೋಯಿತೇ ಎಂದು ಕೇಳಿದಳು.

"ಹೋಯ್ತು. ನೀನು ಮೊದಲು ಮಾತ್ರೆ ನುಂಗು."

ಮಗಳು ನುಂಗಿದಳು. ಮೂಗಕ್ಕ ಅವಳ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಕಣ್ಣಾರೆ ನೋಡಿದಳು.