ಹತ್ತು ಮನೆಯ ಸಾಕ್ಷಿ

ತಾಹಿನಾಳನ್ನು ಎತ್ತಿ ಆಡಿಸಿ ಬೆಳೆಸಿದವನು ಸೋದರಮಾವ ಜಾಫಿ. ಹೆರಿಗೆಯಲ್ಲೇ ತಾಯಿ ತೀರಿಕೊಂಡಾಗ ನಮ್ಮ ಅಂಬೊಡಿಮಂಗಾ ಹಳ್ಳಿಯ ಜನ, ಕೂಸನ್ನು ಪಟ್ಟಣದ ಕ್ರೈಸ್ತ ಸನ್ಯಾಸಿನಿಯರಿಗೆ ಒಪ್ಪಿಸು ಎಂದರು. ಜಾಫಿ ಕೇಳಲಿಲ್ಲ. "ತಳ ಹಿಡಿದ ಅನ್ನಕ್ಕೆ ನೀರು ಹೊಯ್ದು ಕುದಿಸಿ ಕುಡಿಯೋಕೆ ನಮ್ಮನೇಲಿ ಒಂದು ಬಾಯಿ ಜಾಸ್ತಿ ಆಯ್ತು, ಅಷ್ಟೇ ತಾನೆ?" ಎಂದು ಮಗುವನ್ನು ಹೆಂಡತಿ ಸುವಾಳ ಮಡಿಲಿಗೆ ಹಾಕಿದ.

ವೆನಿಲ್ಲಾ ಬೆಳೆದು ಮಾರಿ ಅವಳನ್ನು ಸಂಬಾವಾ ಪಟ್ಟಣದ ಶಾಲೆಗೆ ಕಳಿಸಿದ. ಅಲ್ಲಿಂದ ಅವಳು ರಾಜಧಾನಿಗೆ ಹೋದಳು, ಭೌತಶಾಸ್ತ್ರ ಹಿಡಿದಳು, ಜಿನೀವಾದ ನೆಲದಡಿಯ ಪ್ರಯೋಗಾಲಯ ಸೇರಿದಳು. ಲೆಕ್ಕದ ಪ್ರಕಾರ ಇರಲೇಬೇಕಾಗಿದ್ದ, ಯಾರ ಕಣ್ಣಿಗೂ ಬೀಳದ ಒಂದು ಕಣವನ್ನು ಹುಡುಕುತ್ತ ಅವಳ ಯೌವನವೆಲ್ಲ ಅಲ್ಲೇ ಕಳೆಯಿತು. ಅಲ್ಲಿ ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತಿದ್ದರು, ಒಂದೊಂದು ಡಿಕ್ಕಿಯ ದಾಖಲೆಯೂ ಹತ್ತಾರು ದೇಶಗಳ ಕಂಪ್ಯೂಟರುಗಳಲ್ಲಿ ಇರುತ್ತಿತ್ತು. ಎಲ್ಲೂ ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಕಾಯುವುದು ಅವಳ ಪಾಲಿನ ಕೆಲಸ. ಕೊನೆಗೂ ಆ ಕಣ ಸಿಗಲಿಲ್ಲ.

ಇದನ್ನು ಫೋನಿನಲ್ಲಿ ಹೇಳಿದಾಗ ಮಾವ ಕೇಳಿದ:

"ಸಿಗಲಿಲ್ಲ ಅಂತಾನೇ ಬರೆದುಕೊಟ್ಟೆಯಾ?"

"ಹೂಂ ಮಾವ. ನಾವು ಹುಡುಕಿದ ಕಡೆ ಇಲ್ಲ ಅಂತ ಬರೆದ್ವಿ."

"ಅದಕ್ಕೂ ಅಲ್ಲಿರೋರೆಲ್ಲ ಸಹಿ ಹಾಕ್ತಾರಾ?"

"ಸಾವಿರಾರು ಜನ."

"ಹಾಗಾದ್ರೆ ಒಳ್ಳೇ ಜನ ಕಣವ್ವ," ಎಂದ ಜಾಫಿ. "ನಮ್ಮೂರಲ್ಲಿ ಕೋಳಿ ಕಳೆದರೆ ಸಿಗಲಿಲ್ಲ ಅಂತ ಯಾರೂ ಒಪ್ಕೊಳ್ಳಲ್ಲ, ಪಕ್ಕದ ಮನೆಯೋನು ತಿಂದ ಅಂತಾರೆ."

ಒಪ್ಪಂದದ ಅವಧಿ ಮುಗಿದಾಗ ಅವಳಿಗೆ ಅಲ್ಲಿ ಜಾಗ ಉಳಿಯಲಿಲ್ಲ. ದಾಖಲೆ ಕಾಯುವ ಅವಳ ವಿದ್ಯೆ ಬೇಕಾಗಿದ್ದವರು ಬೇರೆ ಇದ್ದರು. ಸ್ವಿಸ್ ದೇಶದ್ದೇ ಇನ್ನೊಂದು ಊರಿನ, ಕಂಪ್ಯೂಟರ್ ನಾಣ್ಯಗಳ ಲೆಕ್ಕವನ್ನು ಯಾರೂ ತಿದ್ದದಂತೆ ಹಲವು ಕಡೆ ಹಂಚಿಡುವ ಬ್ಲಾಕ್‌ಚೈನ್ ಕಂಪನಿ ಕರೆಯಿತು. ಹೋಗುತ್ತೇನೆಂದು ಪ್ರಯೋಗಾಲಯದಲ್ಲಿ ಹೇಳಲು ಅವಳಿಗೆ ನಾಚಿಕೆ. ಅಲ್ಲಿನ ಅವಳ ವೃದ್ಧ ಮಾರ್ಗದರ್ಶಕರು ಕನ್ನಡಕ ಒರೆಸಿಕೊಂಡು, "ನಿನ್ನ ಕುರ್ಚಿ ಖಾಲಿ ಇಡೋಕೆ ನನ್ನ ಕೈಲಾಗಲ್ಲಮ್ಮ. ಆದ್ರೆ ಕಾಫಿಗೆ ಬರ್ತಾ ಇರು," ಎಂದರು. ರೈಲಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಅತ್ತಳು.

ಹೊಸ ಕೆಲಸ ಕೈಗೆ ಹತ್ತಿತು, ಮನಸ್ಸಿಗೆ ಹತ್ತಲಿಲ್ಲ. ಕಣ್ಣಿಗೆ ಕಾಣದ ನಾಣ್ಯಗಳನ್ನು ಬೆಳಗಿನಿಂದ ಸಂಜೆವರೆಗೆ ಕೊಂಡು ಮಾರುವವರ ನಡುವೆ, ಇದೆಲ್ಲ ಯಾರಿಗಾಗಿ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಸುವಾ ಅತ್ತೆಯ ಫೋನು ಬಂತು. "ನಿಮ್ಮ ಮಾವನ್ನ ಕಳ್ಳ ಅಂದುಬಿಟ್ರು ಮಗಳೇ. ಮೂರು ದಿನದಿಂದ ಅಂಗಳಕ್ಕೇ ಇಳಿದಿಲ್ಲ."

ಆದದ್ದು ಇಷ್ಟು. ನಮ್ಮ ಕಡೆ ವೆನಿಲ್ಲಾ ಕೋಡು ಹಸಿಯಿರುವಾಗಲೇ ಬೆಂಡಿನ ತುಂಡಿಗೆ ಸಿಕ್ಕಿಸಿದ ಸೂಜಿಗಳಿಂದ ಚುಚ್ಚಿ ಗುರುತು ಹಾಕುತ್ತಾರೆ. ಒಬ್ಬೊಬ್ಬ ಬೆಳೆಗಾರನದು ಒಂದೊಂದು ಚುಕ್ಕಿಸಾಲು. ಕೋಡು ಒಣಗಿದರೂ ಅದು ಅಳಿಯುವುದಿಲ್ಲ. ಆ ವರ್ಷ ಜಾಫಿಯ ಬೆಂಡಿನಿಂದ ಒಂದು ಸೂಜಿ ಉದುರಿತ್ತು. ಅವನ ಮಂಜುಗಣ್ಣಿಗೆ ಅದು ಕಾಣಲಿಲ್ಲ. ಉಳಿದ ಚುಕ್ಕಿಗಳು ನೆರೆಯ ಕ್ಲೊವಿಸ್‌ನ ಗುರುತಿನಂತೆಯೇ ಇದ್ದವು, ಅವನ ತೋಟದಲ್ಲೋ ಆಗಷ್ಟೇ ಕಳವಾಗಿತ್ತು. ಮಾರುವ ಕಟ್ಟೆಯ ಮೇಲೆ ಕ್ಲೊವಿಸ್ ಜಾಫಿಯ ಬುಟ್ಟಿ ಹಿಡಿದು ಕೂಗಾಡಿದ. ಊರ ಸಭೆ ಸೇರಿತು. ಸಾಕ್ಷಿಯಿಲ್ಲ ಎಂದು ಬಿಟ್ಟರು, ತಪ್ಪಿಲ್ಲ ಎಂದು ಬಿಡಲಿಲ್ಲ.

ತಾಹಿನಾ ರಜೆ ಹಾಕಿ ಬಂದಳು. ಮಾವ ಒಲೆಯ ಪಕ್ಕ ಕುಳಿತಿದ್ದ. ಅವಳನ್ನು ಕಂಡು ಕೈ ಹಿಡಿದುಕೊಂಡ, ಅಷ್ಟೆ.

ರಜೆ ಮುಗಿದರೂ ಅವಳು ಹಿಂತಿರುಗಲಿಲ್ಲ. ಜಿನೀವಾದಲ್ಲಿ ಕಲಿತದ್ದೂ ಕಂಪನಿಯಲ್ಲಿ ಕಲಿತದ್ದೂ ಇಲ್ಲಿಗೆ ಒದಗಬಹುದೆಂದು ಅವಳಿಗೆ ಹೊಳೆದಿತ್ತು. ಕೋಡು ಬಳ್ಳಿಯಲ್ಲಿರುವಾಗಲೇ ಗುರುತಿನ ಚಿತ್ರ ತೆಗೆಯಬೇಕು, ತೋಟದಲ್ಲಿ ಒಬ್ಬ ನೆರೆಯವನು ಸಾಕ್ಷಿಗೆ ನಿಲ್ಲಬೇಕು. ದಾಖಲೆ ಒಬ್ಬರ ಕೈಲಿರದೆ ಹತ್ತು ಮನೆಯ ಫೋನುಗಳಲ್ಲಿ ಒಂದೇ ತೆರನಾಗಿ ಕೂರಬೇಕು, ಹೊಸದು ಹಳೆಯದಕ್ಕೆ ಸರಪಳಿಯ ಕೊಂಡಿಯಂತೆ ಬಿಗಿಯಬೇಕು. ಒಬ್ಬ ತಿದ್ದಿದರೆ ಉಳಿದ ಒಂಬತ್ತು ಮನೆಯಲ್ಲಿ ಸಿಕ್ಕಿಬೀಳುತ್ತಾನೆ.

ಅವಳು ಸಭೆಯಲ್ಲಿ ವಿವರಿಸಿದಾಗ ಊರವರು ಒಪ್ಪಿದರು. ಒಪ್ಪದವನು ಜಾಫಿ.

"ನಾನು ಈ ಊರಲ್ಲೇ ಹುಟ್ಟಿ ಮುದುಕ ಆದೋನು. ನನ್ನ ಮಾತಿಗೆ ಫೋನು ಸಾಕ್ಷಿ ಹೇಳ್ಬೇಕಾ?"

"ನಿಮಗೋಸ್ಕರ ತಾನೇ ಮಾಡಿದ್ದು ಮಾವ!"

"ನನಗೋಸ್ಕರ ಮಾಡ್ಬೇಡ ತಾಯಿ. ನನ್ನ ನಂಬೋಕೆ ನಿನಗೂ ಅದು ಬೇಕು ಅನ್ನೋ ಹಾಗಾಗುತ್ತೆ."

ಆ ಮಾತು ಅವಳನ್ನು ಚುಚ್ಚಿತು. ಎರಡು ದಿನ ಮಾವ, ಸೋದರಸೊಸೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ತಾಹಿನಾ ಅವನ ಪಕ್ಕ ಕುಳಿತು, "ಅಲ್ಲಿ ಗುರುಗಳು ನನ್ನನ್ನ ನಂಬ್ತಿದ್ರು ಮಾವ. ಆದ್ರೂ ನನ್ನ ಲೆಕ್ಕಾನ ಬೇರೆಯವರ ಕೈಲಿ ಮತ್ತೆ ಮಾಡಿಸ್ತಿದ್ರು. ನನಗೆ ಬೇಜಾರಾಗ್ತಿರಲಿಲ್ಲ. ನಾನೊಬ್ಬಳೇ ಹೊರಬೇಕಾಗಿಲ್ಲ ಅಂತ ಹಗುರ ಆಗ್ತಿತ್ತು," ಎಂದಳು.

ಮರುದಿನ ಚಿತ್ರ ತೆಗೆಯಲು ಅವಳು ಹೊರಟಾಗ ಜಾಫಿ ಟೋಪಿ ಹಾಕಿಕೊಂಡು ಜೊತೆಗೆ ಬಂದ. ಅಂದು ಕ್ಲೊವಿಸ್‌ನ ತೋಟದ ಸರದಿ. ಎಲ್ಲರೊಂದಿಗೂ ಜಗಳವಾಡಿಕೊಂಡಿದ್ದ ಅವನಿಗೆ ಸಾಕ್ಷಿ ನಿಲ್ಲಲು ಯಾರೂ ಸಿಕ್ಕಿರಲಿಲ್ಲ.

"ನಾನು ನಿಲ್ತೀನಿ," ಎಂದ ಜಾಫಿ.

ಕ್ಲೊವಿಸ್ ನೆಲ ನೋಡಿದ. "ನೀನಾ?"

"ಯಾಕೆ, ಕಳ್ಳನಿಗೆ ಕಣ್ಣಿರಲ್ವಾ?"

ತಾಹಿನಾ ತಡೆಯಲಾರದೆ ನಕ್ಕಳು. ಕ್ಲೊವಿಸ್ ನಗಲಿಲ್ಲ, ದಾರಿ ಬಿಟ್ಟ.

ಕೊಯ್ಲಿಗೆ ಮೊದಲು ಕ್ಲೊವಿಸ್‌ನ ತೋಟದಲ್ಲಿ ಮತ್ತೆ ಕಳವಾಯಿತು. ಕೆಲವು ವಾರದ ಮೇಲೆ ಅಂಡಾಪಾ ಊರಿನ ದಲ್ಲಾಳಿಯೊಬ್ಬನ ಬಳಿ ಆ ಕೋಡುಗಳು ಸಿಕ್ಕವು. ಅವನು ತನ್ನವೇ ಎಂದು ವಾದಿಸಿದ. ಹತ್ತು ಮನೆಯ ಫೋನುಗಳು ಒಂದೇ ಚಿತ್ರ ತೋರಿಸಿದವು. ಜಾಫಿ ಪೊಲೀಸರ ಮುಂದೆ ನಿಂತು, "ಇದು ಕ್ಲೊವಿಸ್ ಬೆಳೆದದ್ದು, ಬಳ್ಳೀಲಿದ್ದಾಗ ನಾನೇ ನೋಡಿದ್ದೀನಿ," ಎಂದ. ಮಾಲು ಹಿಂದಕ್ಕೆ ಬಂತು.

ಅದಾದ ಮೇಲೂ ಕ್ಲೊವಿಸ್ ಕ್ಷಮೆ ಕೇಳಲಿಲ್ಲ, ಅದು ಅವನ ಬಾಯಿಗೆ ಬರುವ ಮಾತಲ್ಲ. ಹೂ ಬಿಡುವ ಕಾಲ ಬಂತು. ವೆನಿಲ್ಲಾ ಹೂವು ಅರಳುವುದು ಒಂದೇ ಬೆಳಗು. ಬಿಸಿಲೇರುವ ಮೊದಲು ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಸೇರಿಸಬೇಕು, ಇದಕ್ಕೆ ನಾವು ಹೂವಿನ ಮದುವೆ ಎನ್ನುತ್ತೇವೆ. ಕಣ್ಣು ಮಂಜಾದ ಜಾಫಿ ತಡವರಿಸುತ್ತಿದ್ದಾಗ ತೋಟದ ಆ ತುದಿಯಿಂದ ಯಾರೋ ಕೆಲಸ ಶುರುಮಾಡಿದ್ದು ತಾಹಿನಾಳಿಗೆ ಕಂಡಿತು. ಕ್ಲೊವಿಸ್, ಹೆಂಡತಿಯೊಂದಿಗೆ ಬಂದಿದ್ದ.

"ಯಾರದು ನನ್ನ ತೋಟದಲ್ಲಿ?" ಎಂದು ಜಾಫಿ ಕೂಗಿದ.

"ಮದುವೆಗೆ ಬಂದೋರು," ಎಂದ ಕ್ಲೊವಿಸ್, ತಲೆಯೆತ್ತದೆ. "ಅನ್ನ ಹಾಕ್ತೀಯೋ ಇಲ್ವೋ?"

ಜಾಫಿ ತಾಹಿನಾಳ ಕಡೆ ತಿರುಗಿದ.

"ಓಡು ಮಗಳೇ," ಎಂದ ಅವನು, "ಅತ್ತೆಗೆ ಹೇಳು. ತೆಂಗಿನಹಾಲು ಹಾಕಿ ಮೀನು ಮಾಡ್ಲಿ."